ಬಸ್ಸನ್ನು ಠಾಣೆಗೆ ತಿರುಗಿಸಿದ ದಿನ

ಆ ಹುಡುಗ ಬಿದ್ದಾಗ ನಾನು ಟಿಕೆಟ್ ಮಷೀನಿಗೆ ಹೊಸ ಕಾಗದದ ಸುರುಳಿ ಹಾಕುತ್ತಿದ್ದೆ. ಬಿದ್ದ ಸದ್ದು ಮೊದಲು ಕೇಳಿತು, ಆಮೇಲೆ ಹೆಣ್ಣುಮಕ್ಕಳ ಚೀರಾಟ. ತಲೆ ಎತ್ತಿದರೆ ಬಸ್ಸಿನ ನಡುವೆ, ನಿಂಬೆಹಣ್ಣಿನ ಚೀಲಗಳ ಪಕ್ಕದಲ್ಲಿ, ಹತ್ತೊಂಬತ್ತು ಇಪ್ಪತ್ತರ ಹುಡುಗನೊಬ್ಬ ಕೈಕಾಲು ಬಡಿಯುತ್ತ ಬಿದ್ದಿದ್ದ. ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿದ್ದವು. ಬಾಯಿಂದ ಬಿಳಿ ನೊರೆ ಬರುತ್ತಿತ್ತು.

ನಾನು ಬಸ್ ಕಂಡಕ್ಟರ್, ಹೆಣ್ಣುಮಗಳು. ಹದಿನಾರು ವರ್ಷದಿಂದ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಈ ನಾಲ್ಕು ತಾಲ್ಲೂಕಿನ ರಸ್ತೆಗಳ ಮೇಲೆಯೇ ನನ್ನ ಕಾಲು ಸವೆದಿವೆ. ಬಸ್ಸಿನಲ್ಲಿ ಏನೇನೋ ಕಂಡಿದ್ದೇನೆ. ಹೆರಿಗೆ ನೋವು ಹತ್ತಿದವಳನ್ನು ದವಾಖಾನೆ ಮುಟ್ಟಿಸಿದ್ದೇನೆ, ಕುಡಿದು ಬಿದ್ದವರನ್ನು ಇಳಿಸಿದ್ದೇನೆ, ಸೀಟಿಗಾಗಿ ಜುಟ್ಟು ಹಿಡಿದವರನ್ನು ಬಿಡಿಸಿದ್ದೇನೆ. ಆದರೆ ಆ ಹುಡುಗನನ್ನು ನೋಡಿ ಕಾಗದದ ಸುರುಳಿ ಅಲ್ಲೇ ಬಿಟ್ಟು ಓಡಿದೆ. ಇಂಡಿ ನಿಲ್ದಾಣದಲ್ಲಿ ಹತ್ತುವಾಗ ನನ್ನನ್ನೇ ನೋಡಿ ನಕ್ಕಿದ್ದ. ಅವನ ಜೊತೆ ಇನ್ನೂ ಮೂವರು ಇದ್ದರು. ನಾಲ್ವರ ಬೆನ್ನಿಗೂ ಕಾಲೇಜಿನ ಚೀಲ.

ಸಾಲೋಟಗಿ ದಾಟಿ ಸ್ವಲ್ಪ ಹೊತ್ತಾಗಿತ್ತು. ಬೆಳಗಿನ ಹನ್ನೊಂದರ ಬಿಸಿಲು. ಬಸ್ಸಿನಲ್ಲಿ ಎಪ್ಪತ್ತು ಜನ, ಹೆಚ್ಚಿನವರು ಹೆಂಗಸರು. ನಾನು ಸೀಟಿ ಊದಿ, "ಅಣ್ಣಾ, ಎಲ್ಲೂ ನಿಲ್ಲಸಬ್ಯಾಡ. ಸೀದಾ ದವಾಖಾನಿಗೆ ಹೊಡಿ!" ಎಂದು ಡ್ರೈವರಿಗೆ ಕೂಗಿದೆ. ಅವರು ನನಗಿಂತ ಹಿರಿಯರು, ಮಾತು ಕಡಿಮೆ. ಕನ್ನಡಿಯಲ್ಲಿ ಒಂದು ಸಲ ನೋಡಿದರು. ದೀಪ ಹಾಕಿದರು, ಹಾರ್ನಿನ ಮೇಲೆ ಇಟ್ಟ ಕೈ ತೆಗೆಯಲಿಲ್ಲ.

ಜನರಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಒಬ್ಬರು ಕಬ್ಬಿಣ ಹಿಡಿಸಿ ಎಂದು ಕೀಲಿಕೈ ಗೊಂಚಲು ಕೊಟ್ಟರು. ಇನ್ನೊಬ್ಬರು ಉಳ್ಳಾಗಡ್ಡಿ ಮೂಸಿಸಿ ಎಂದರು. ಚೀಲದ ಹೊಲಿಗೆ ಬಿಚ್ಚಿ ನಿಂಬೆಹಣ್ಣು ತೆಗೆದು ಅಂಗಾಲಿಗೆ ತಿಕ್ಕತೊಡಗಿದರು ಒಬ್ಬ ಗೌಡರು. ಯಾರೋ ನೀರಿನ ಬಾಟಲಿ ಹಿಡಿದು ಅವನ ಬಾಯಿಗೆ ಬಗ್ಗಿದರು. ಆಗಲೇ ಮೂರನೆಯ ಸೀಟಿನಿಂದ ಒಬ್ಬ ಮುದುಕಿ ಎದ್ದದ್ದು.

"ನೀರ ಹಾಕಬ್ಯಾಡ್ರಿ!" ಎಂದು ಅವಳು ಒದರಿದ್ದು ಇಡೀ ಬಸ್ಸಿಗೆ ಕೇಳಿತು. "ನೀರ ಹಾಕಿದ್ರ ಸಾಯ್ತಾನ. ಹಿಂದ ಸರೀರಿ. ಗಾಳಿ ಬಿಡ್ರಿ."

ಅವಳು ಕುರಿ ಕಾಯುವ ಮನೆತನದವಳು. ನನ್ನ ಬಸ್ಸಿಗೆ ತಿಂಗಳಿಗೆ ಎರಡು ಮೂರು ಸಲ ಬರುತ್ತಿದ್ದಳು, ಹೆಂಗಸರ ಬಿಟ್ಟಿ ಟಿಕೆಟ್ಟಿಗೆ ಬೇಕಾದ ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು. ನಾನು ಅವಳನ್ನು ಆಯಿ ಎನ್ನುತ್ತಿದ್ದೆ. ನಮ್ಮ ಕಡೆ ಅಜ್ಜಿಗೆ ಹಾಗೆಯೇ ಅನ್ನುವುದು. ಆಯಿ ಬಸ್ಸಿನ ಆ ಕೊಳಕು ನೆಲದ ಮೇಲೆ ಕೂತಳು. ಹುಡುಗನನ್ನು ಮಗ್ಗುಲಿಗೆ ತಿರುಗಿಸಿದಳು. ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಸೆರಗಿನಿಂದ ನೊರೆ ಒರೆಸುತ್ತ, "ನನ್ನಪ್ಪಾ, ಕಣ್ಣ ತಗಿ. ನಾ ಅದೀನಿ. ಕಣ್ಣ ತಗಿ ನನ್ನಪ್ಪಾ" ಎನ್ನುತ್ತಿದ್ದಳು. ಅವಳ ಕಣ್ಣಿಂದ ನೀರು ಅವನ ಕಿವಿಯ ಮೇಲೆ ಬೀಳುತ್ತಿತ್ತು. ಅದನ್ನೂ ಒರೆಸುತ್ತಿದ್ದಳು.

ನಾನು ಅವರಿಬ್ಬರ ಮುಂದೆ ಕೈ ಅಗಲಿಸಿ ನಿಂತು, "ದಾರಿ ಬಿಡ್ರಿ, ದಾರಿ ಬಿಡ್ರಿ" ಎಂದು ಕೂಗುತ್ತಿದ್ದೆ. ನಾನೂ ಅಳುತ್ತಿದ್ದೆ ಎಂದು ನನಗೆ ಗೊತ್ತಾದದ್ದು ಆಮೇಲೆ.

ದಾರಿಯಲ್ಲಿ ಐದಾರು ಸ್ಟಾಪು ಹೋದವು. ಇಳಿಯಬೇಕಾದವರು ಯಾರೂ ಇಳಿಸಿ ಎನ್ನಲಿಲ್ಲ. ಕೋರ್ಟಿಗೆ ಹೋಗುವವರೊಬ್ಬರಿದ್ದರು, ಹತ್ತುವಾಗಲೇ ಹೊತ್ತಾತು ಹೊತ್ತಾತು ಎಂದು ನನ್ನ ಜೀವ ತಿಂದವರು. ಅವರೂ ಸುಮ್ಮನೆ ಕೂತು ಕೈ ಮುಗಿದುಕೊಂಡಿದ್ದರು. ಕಬ್ಬಿನ ಟ್ರ್ಯಾಕ್ಟರೊಂದು ಅಡ್ಡ ಬಂದಾಗ ಡ್ರೈವರ್ ಬಸ್ಸನ್ನು ಮಣ್ಣಿಗೆ ಇಳಿಸಿ ದಾಟಿಸಿದರು. ಬಸ್ಸು ಒಂದು ಕಡೆ ವಾಲಿತು. ಆಗಲೂ ಯಾರೂ ಬಯ್ಯಲಿಲ್ಲ.

ದವಾಖಾನೆಯ ಗೇಟಿನೊಳಗೆ ಬಸ್ಸು ನಿಂತಿತು. ಇಬ್ಬರು ಸ್ಟ್ರೆಚರ್ ತಳ್ಳಿಕೊಂಡು ಓಡಿಬಂದರು, ಹಿಂದೆ ಒಬ್ಬ ನರ್ಸಮ್ಮ. ನಾನು ಬಾಗಿಲು ತೆಗೆದೆ.

ಹುಡುಗ ಎದ್ದು ಕೂತ.

ಕೂತವನು ನಿಂತ. ಎರಡೂ ಕೈ ಮೇಲೆತ್ತಿ ಹೋ ಎಂದು ಕೂಗಿದ. ಹಿಂದಿನ ಸೀಟಿನಿಂದ ಅವನ ಗೆಳೆಯ ಕೈಯಲ್ಲಿ ಫೋನು ಎತ್ತಿ ಹಿಡಿದು, "ಪ್ರ್ಯಾಂಕ್! ಪ್ರ್ಯಾಂಕ್ ರೀ ಅಕ್ಕಾರ! ಇಲ್ಲಿ ನೋಡ್ರಿ, ಕ್ಯಾಮೆರಾಕ್ಕ ಒಂದ್ಸಲ ಕೈ ಮಾಡ್ರಿ" ಎಂದ. ಇನ್ನೊಬ್ಬನ ಚೀಲದ ಪಟ್ಟಿಗೆ ಇನ್ನೊಂದು ಫೋನು ಸಿಕ್ಕಿಸಿತ್ತು. ಅದರ ಕಣ್ಣು ಇಷ್ಟು ಹೊತ್ತೂ ನಮ್ಮ ಕಡೆಗೇ ಇತ್ತು. ನೊರೆಯೆಂದರೆ ಹೊಟ್ಟೆ ಉರಿಗೆ ನೀರಿಗೆ ಹಾಕಿ ಕುಡಿಯುವ ಪುಡಿ, ಬಾಯಲ್ಲಿ ಇಟ್ಟುಕೊಂಡಿದ್ದನಂತೆ.

ಬಸ್ಸಿನಲ್ಲಿ ಕೆಲವರು ನಕ್ಕರು. ಎಲ್ಲರೂ ಅಲ್ಲ, ಕೆಲವರು. ಆ ನಗು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ಆಯಿ ಮಾತ್ರ ನೆಲದ ಮೇಲೇ ಇದ್ದಳು. ಕಾಲು ಜೋಮು ಹಿಡಿದು ಏಳಲಾಗುತ್ತಿರಲಿಲ್ಲ. ಮುಖದ ತುಂಬ ಖುಷಿ. "ಆರಾಮ ಆದನೇನವ್ವಾ? ಎದ್ದು ನಿಂತನಲ್ಲ! ದೇವರು ದೊಡ್ಡಾವ" ಎಂದಳು ನನಗೆ.

ನಾನೇ ಅವಳಿಗೆ ಹೇಳಬೇಕಾಯಿತು. ಬೇರೆ ಯಾರೂ ಹೇಳಲಿಲ್ಲ.

"ಆಯಿ, ಅವಗ ಏನೂ ಆಗಿದ್ದಿಲ್ಲ. ನಾಟಕ ಮಾಡ್ಯಾರ. ಫೋನಿನ್ಯಾಗ ಹಾಕಾಕ."

"ನಾಟಕಾ?" ಎಂದಳು. ಸೆರಗಿಗೆ ಹತ್ತಿದ ನೊರೆ ನೋಡಿಕೊಂಡಳು. ಅದನ್ನು ಹೆಬ್ಬೆರಳಿನಿಂದ ತಿಕ್ಕಿದಳು. ಆಮೇಲೆ ಮೆಲ್ಲಗೆ, ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದಳು.

"ನನ್ನ ಮಗಾ ಹಿಂಗ ಬಿದ್ದಿದ್ದ. ಕುರಿ ಹಟ್ಟ್ಯಾಗ. ನಮಗ ಏನ್ ತಿಳೀತಿತ್ತವ್ವಾ? ಅಂಗಾತ ಮಲಗಿಸಿದ್ವಿ. ಬಾಯಾಗ ನೀರ ಹಾಕಿದ್ವಿ. ನಾನ ಹಾಕಿದ್ನಿ. ಅದು ಉಸರಿಗೆ ಸಿಕ್ಕು ಹೋದ. ಮಗ್ಗಲಾ ಮಾಡಬೇಕಿತ್ತಂತ ಡಾಕ್ಟರ್ ಆಮ್ಯಾಲ ಹೇಳಿದ್ರು."

ಇಷ್ಟು ವರ್ಷ ಅವಳು ಅದೊಂದು ಪಾಠ ಎದೆಯಲ್ಲಿ ಇಟ್ಟುಕೊಂಡು ತಿರುಗಿದ್ದಳು. ಇನ್ನೊಬ್ಬ ತಾಯಿಯ ಮಗನಿಗಾದರೂ ಆದೀತು ಎಂದು. ಅದನ್ನು ಖರ್ಚು ಮಾಡಿದ್ದು ಈ ನಾಯಿಗಳ ಮೇಲೆ.

ಹುಡುಗರು ಇಳಿಯಲು ಬಾಗಿಲ ಬಳಿ ಬಂದಿದ್ದರು. ನಾನು ಬಾಗಿಲು ಎಳೆದು ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತೆ.

"ಅಣ್ಣಾ, ಬಸ್ ತಿರಗಸು. ಠಾಣೆಗೆ ನಡಿ."

ಡ್ರೈವರ್ ಒಂದು ಮಾತೂ ಕೇಳಲಿಲ್ಲ, ಯಾಕೆ ಎಂದು. ಅದಕ್ಕಾಗಿ ಆ ಮನುಷ್ಯನಿಗೆ ನಾನು ಈ ಜನ್ಮವಿಡೀ ಋಣಿ.

"ಅಕ್ಕಾರ, ಹಂಗ್ಯಾಕ್ರಿ, ಸುಮ್ನ ಮಜಾಕ ಮಾಡಿದ್ದು" ಎಂದ ಒಬ್ಬ. "ಬಿಡವ್ವಾ, ಹುಡುಗ್ರು, ತಿಳಿಗೇಡಿಗಳು" ಎಂದರು ನಿಂಬೆಹಣ್ಣು ತಿಕ್ಕಿದ ಗೌಡರು. ಕೋರ್ಟಿನವರು ಮಾತ್ರ ಎದ್ದು ಬಂದು ನನ್ನ ಪಕ್ಕದಲ್ಲಿ ಬಾಗಿಲಿಗೆ ಅಡ್ಡ ನಿಂತರು. "ನಡೀರಿ ಬಾಯಾರ. ನನ್ನ ತಾರೀಖು ಹೆಂಗೂ ಹೋಗೇತಿ" ಎಂದರು.

ಆ ಠಾಣೆ ಯಾವ ಊರಿನದೆಂದು ಬರೆಯುವುದಿಲ್ಲ. ಬರೆದರೆ ಅಲ್ಲಿ ಒಳ್ಳೆಯವರಿಗೂ ಕೆಟ್ಟವರಿಗೂ ಒಂದೇ ಮಸಿ ಹತ್ತುತ್ತದೆ.

ಬಸ್ಸು ಠಾಣೆಯ ಮುಂದಿನ ಬೇವಿನ ಗಿಡದ ಕೆಳಗೆ ನಿಂತಿತು. ನಾನು, ಆಯಿ, ಕೋರ್ಟಿನವರು, ನಾಲ್ಕು ಹುಡುಗರು ಒಳಗೆ ಹೋದೆವು. ಸಾಹೇಬರು ಇದ್ದರು. ಚಿಕ್ಕ ವಯಸ್ಸು, ಇಸ್ತ್ರಿ ಹಾಕಿದ ಅಂಗಿ, ಮೇಜಿನ ಮೇಲೆ ಅರ್ಧ ಕುಡಿದ ಚಹಾ. ನಾನು ಎಲ್ಲವನ್ನೂ ಹೇಳಿದೆ. ಅವರು ಕೇಳಿದರು, ಕೇಳಿ ಹುಡುಗನ ಕಡೆ ಕೈ ಚಾಚಿದರು.

"ತಾ ಇಲ್ಲಿ. ನೋಡೂಣು."

ಫೋನು ಕೈಗೆ ಬಂತು. ಸಾಹೇಬರು ನೋಡತೊಡಗಿದರು. ಠಾಣೆಯ ಕಾಗದಪತ್ರ ಬರೆಯುವ ರೈಟರ್ ಬಂದು ಹೆಗಲ ಮೇಲಿಂದ ಇಣುಕಿದ. ಇನ್ನಿಬ್ಬರು ಕಾನ್‌ಸ್ಟೇಬಲ್‌ಗಳು ಬಂದರು. ಫೋನಿನೊಳಗಿಂದ ನನ್ನದೇ ದನಿ ಬರುತ್ತಿತ್ತು, ದಾರಿ ಬಿಡ್ರಿ, ದಾರಿ ಬಿಡ್ರಿ. ಆಮೇಲೆ ಆಯಿಯ ದನಿ. ಸಾಹೇಬರ ತುಟಿ ಮೊದಲು ಬಿಗಿಯಾಗಿತ್ತು. ಹುಡುಗ ಎದ್ದು ನಿಲ್ಲುವ ಜಾಗ ಬಂದಾಗ ಫಕ್ಕನೆ ನಕ್ಕುಬಿಟ್ಟರು. ಅವರು ನಕ್ಕಿದ್ದೇ ತಡ, ಉಳಿದವರೂ ಸುರು ಮಾಡಿದರು.

"ಏನ್ ಆ್ಯಕ್ಟಿಂಗ್ ಮಾಡ್ಯಾನಲೇ ಮಗಾ!" ಎಂದ ರೈಟರ್.

ಆಯಿ ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತಿದ್ದಳು. ಕೂರು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವರ ನಗು ನೋಡಿ ತಾನೇನು ತಪ್ಪು ಮಾಡಿದೆನೋ ಎಂಬಂತೆ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡಳು. ನಾನು ಅದನ್ನು ನೋಡಿದೆ. ಆ ಹುಡುಗರ ಮೇಲೆ ಇದ್ದ ಸಿಟ್ಟು ಅಲ್ಲಿಗೆ ಅರ್ಧವಾಯಿತು. ಉಳಿದರ್ಧ ಮೇಜಿನ ಆಚೆ ಕಡೆಗೆ ತಿರುಗಿತು.

"ನಗಾಕ ಏನೈತ್ರಿ ಸಾಹೇಬ್ರ ಇದರಾಗ?" ಎಂದೆ.

ಸಾಹೇಬರು ನಗು ನಿಲ್ಲಿಸಿದರು. "ಬಾಯಾರ, ರೂಟ್ ಬಿಟ್ಟು ಬಸ್ ಇಲ್ಲಿಗೆ ತಂದೀರಲ್ಲ, ನಿಮಗ ಪರ್ಮಿಷನ್ ಯಾರ್ ಕೊಟ್ರು?"

"ಅದನ್ನ ಡಿಪೋದವರು ಕೇಳ್ತಾರ. ನೀವು ಕಂಪ್ಲೇಂಟ್ ಬರಕೊಳ್ರಿ."

"ಏನಂತ ಬರಕೊಳ್ಳಿ? ಕಳವು ಆಗೇತೇನು? ಹೊಡದಾರೇನು? ಹುಡುಗ್ರು ಚೇಷ್ಟಿ ಮಾಡ್ಯಾರ. ನಾವು ಸಣ್ಣವರಿದ್ದಾಗ ಮಾಡಿಲ್ಲೇನು?"

"ನಾವ್ ಮಾಡಿಲ್ರಿ" ಎಂದರು ಕೋರ್ಟಿನವರು ಹಿಂದಿನಿಂದ.

ಸಾಹೇಬರು ಅವರನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಹುಡುಗರ ಕಡೆ ತಿರುಗಿ ಒಬ್ಬೊಬ್ಬರದೇ ಮನೆ ಕೇಳತೊಡಗಿದರು. ಮೊದಲನೆಯವನ ತಂದೆಗೆ ಗೊಬ್ಬರದ ಅಂಗಡಿ. ಎರಡನೆಯವನದು ನಲವತ್ತು ಎಕರೆ ದ್ರಾಕ್ಷಿ ಕಬ್ಬಿನ ಮನೆತನ. ಮೂರನೆಯವನ ಕಾಕಾ ಯಾವುದೋ ಪಂಚಾಯ್ತಿಯ ಸದಸ್ಯ. "ಹೌದೇನು? ಅವರ ಮನಿಯವನೇನು?" ಎನ್ನುತ್ತ ಸಾಹೇಬರು ತಲೆದೂಗಿದರು. ಮೂವರನ್ನೂ ಬೆಂಚಿನ ಮೇಲೆ ಕೂರಿಸಿದರು. ನಾಲ್ಕನೆಯವನು ಬಿದ್ದು ಒದ್ದಾಡಿದವನು. ಅವನ ತಂದೆ ಕುರಿ ಕಾಯುವವನು, ಈಗ ಹಿಂಡು ಹೊಡೆದುಕೊಂಡು ಎಲ್ಲಿದ್ದಾನೋ ಮನೆಯವರಿಗೇ ಗೊತ್ತಿಲ್ಲ.

ಕಾನ್‌ಸ್ಟೇಬಲ್ ಅವನ ಕಪಾಳಕ್ಕೆ ಹೊಡೆದ. ಒಂದಲ್ಲ, ಎರಡು. ಎರಡನೆಯದಕ್ಕೆ ಹುಡುಗ ಗೋಡೆಗೆ ಹೋಗಿ ಬಡಿದ. ನಾಟಕದಲ್ಲಿ ಹೊರಳಾಡಿದ ಆ ಕಣ್ಣು ಈಗ ನಿಜವಾಗಿ ನೀರು ತುಂಬಿಕೊಂಡು ನಿಂತವು.

ನನಗೆ ಅವನ ಮೇಲೆ ಕರುಣೆ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಬಂದದ್ದು ಇನ್ನೂ ದೊಡ್ಡ ಸಿಟ್ಟು. ಇಷ್ಟು ಹೊತ್ತು ಚೇಷ್ಟೆ ಆಗಿದ್ದು ಕುರಿಯವನ ಮಗನ ಹತ್ತಿರ ಬಂದ ಕೂಡಲೇ ಗುನ್ನೆ ಆಯಿತೇ?

"ಹೊಡೀಬ್ಯಾಡ್ರಿ!" ಎಂದು ಕೂಗಿದೆ. "ನಾ ಹೊಡೀರಿ ಅಂದೆನೇನು? ಬರಕೊಳ್ರಿ ಅಂದೆ. ನಾಲ್ಕೂ ಮಂದಿ ಹೆಸರು ಬರಕೊಳ್ರಿ."

"ಬಿಟ್ರೂ ತಪ್ಪು, ಹೊಡದ್ರೂ ತಪ್ಪು. ನಿಮಗ ಏನ್ ಬೇಕು ಹೇಳ್ರಿ?"

"ಬರಕೊಳ್ರಿ."

ಎಷ್ಟು ಸಲ ಹೇಳಿದೆನೋ ನೆನಪಿಲ್ಲ. ಅಷ್ಟರಲ್ಲಿ ಸಾಹೇಬರ ಫೋನು ಬಡಿದುಕೊಂಡಿತು. "ಹೌದ್ರಿ, ಇಲ್ಲೇ ಅದಾರ್ರಿ. ಏನೂ ಇಲ್ಲರಿ, ಸಣ್ಣ ವಿಷಯ. ನಾ ನೋಡ್ಕೋತೇನ್ರಿ" ಎಂದರು. ಮಾತು ಮುಗಿಸಿ ರೈಟರಿಗೆ ಮುಚ್ಚಳಿಕೆ ಬರೆಸಿಕೋ ಎಂದರು. ಇನ್ನು ಮುಂದೆ ಇಂಥದ್ದು ಮಾಡುವುದಿಲ್ಲ ಎಂದು ಒಂದು ಹಾಳೆ. ನಾಲ್ವರೂ ಸಹಿ ಮಾಡಿದರು.

ಆಯಿ ಆಗ ಬಾಯಿ ತೆಗೆದಳು. ಠಾಣೆಯಲ್ಲಿ ಅವಳು ಆಡಿದ್ದು ಅದೊಂದೇ ಮಾತು. "ಯಪ್ಪಾ, ಅದರಾಗ ನಾ ಅಳೂದು ಐತಿ. ಅದನ್ನ ಅಳಿಸಿಬಿಡ್ರಿ. ಮತ್ತೇನೂ ಬ್ಯಾಡ ನನಗ."

"ಅಳಿಸೀವಿ ಬಿಡಬೇ" ಎಂದು ಸಾಹೇಬರು ಒಂದು ಫೋನಿನಲ್ಲಿ ಬೆರಳಾಡಿಸಿದರು. ಫೋನು ಎರಡಿದ್ದವು ಎಂದು ನಾನು ಹೇಳಿದೆ. ಇನ್ನೊಂದನ್ನು ಹುಡುಗನೇ ಹಿಡಿದು, ಅಳಿಸಿದೆ ಎಂದು ತೋರಿಸಿದ. ಸಾಹೇಬರು ನೋಡಲೂ ಇಲ್ಲ. ನಮ್ಮ ಕಂಪ್ಲೇಂಟ್ ಕಾಗದದಲ್ಲಿ ಇಳಿಯಲೇ ಇಲ್ಲ.

ಹೊರಗೆ ಬಂದರೆ ಬಸ್ಸು ಅರ್ಧ ಖಾಲಿ. ಟಂಟಂ ಆಟೋ ಹಿಡಿದು ಹೋಗಿಬಿಟ್ಟಿದ್ದರು ಜನ. ನಾಲ್ಕು ದಿನ ಬಿಟ್ಟು ನನಗೂ ಡ್ರೈವರಿಗೂ ಡಿಪೋದಿಂದ ಮೆಮೊ ಬಂತು. ಅನುಮತಿ ಇಲ್ಲದೆ ಮಾರ್ಗ ಬದಲಿಸಿ ಪ್ರಯಾಣಿಕರಿಗೆ ತೊಂದರೆ ಕೊಟ್ಟಿದ್ದಕ್ಕೆ ಕಾರಣ ಕೇಳಿ. ಮೂರು ಪುಟ ಉತ್ತರ ಬರೆದೆ. ಕಡೆಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ನಾಲ್ಕು ಹುಡುಗರಿಗೆ ಸಿಕ್ಕದ್ದು ಒಂದು ಹಾಳೆ, ನಮಗೂ ಸಿಕ್ಕದ್ದು ಒಂದು ಹಾಳೆ. ಸರ್ಕಾರದ ಕಣ್ಣಿನಲ್ಲಿ ನಾವೆಲ್ಲ ಸಮ.

ಎರಡು ವಾರ ಕಳೆದಿರಬೇಕು. ಬಸವನ ಬಾಗೇವಾಡಿಯಿಂದ ಮುದ್ದೇಬಿಹಾಳಕ್ಕೆ ಹೋಗುವ ಟ್ರಿಪ್ಪಿನಲ್ಲಿ, ಟಿಕೆಟ್ ಕೊಡುತ್ತ ಹಿಂದೆ ಹೋಗುತ್ತಿದ್ದೆ. ಯಾರದೋ ಫೋನಿನಿಂದ ನನ್ನ ದನಿ ಬಂತು. ಇಬ್ಬರು ಹುಡುಗಿಯರು ಒಂದೇ ಫೋನಿಗೆ ತಲೆ ಹಚ್ಚಿಕೊಂಡು ನಗುತ್ತಿದ್ದರು. ಒಬ್ಬಳು ತಲೆ ಎತ್ತಿ ನನ್ನನ್ನು ನೋಡಿದಳು, ಫೋನನ್ನು ನೋಡಿದಳು, ಅವಳ ನಗು ಅಲ್ಲೇ ಆರಿತು.

"ಕೊಡವ್ವಾ ಇಲ್ಲಿ" ಎಂದೆ. ಸುಮ್ಮನೆ ಕೊಟ್ಟಳು.

ಎಲ್ಲವೂ ಇತ್ತು. ನಾನು ಕೈ ಅಗಲಿಸಿದ್ದು, ಕೀಲಿಕೈ ಗೊಂಚಲು, ನಿಂಬೆಹಣ್ಣು. ಆಯಿಯ ಮುಖವನ್ನು ಹತ್ತಿರಕ್ಕೆ ಎಳೆದು ಪರದೆಯ ತುಂಬ ಮಾಡಿದ್ದರು. ಅವಳು ನನ್ನಪ್ಪಾ ಕಣ್ಣ ತಗಿ ಎಂದು ಅಳುವ ಕಡೆ ಅವಳ ದನಿ ತೆಗೆದು ಕುರಿ ಒದರುವ ಸದ್ದು ಹಾಕಿದ್ದರು. ಅವಳ ಬಾಯಿ ತೆರೆದಾಗಲೆಲ್ಲ ಮ್ಯಾಂ, ಮ್ಯಾಂ. ಕೆಳಗೆ ನಗುವ ಮುಖಗಳ ಸಾಲು.

ಫೋನು ವಾಪಸು ಕೊಟ್ಟೆ. ಉಳಿದ ಟಿಕೆಟ್ ಹರಿದೆ. ಮುದ್ದೇಬಿಹಾಳ ನಿಲ್ದಾಣದಲ್ಲಿ ಇಳಿದು ನಳದ ಕೆಳಗೆ ಮುಖ ಒಡ್ಡಿ ನಿಂತೆ. ಡ್ರೈವರ್ ಬಂದು, "ಏನಾತವಾ?" ಎಂದರು. ಹೇಳಿದೆ. ಅವರು ರಸ್ತೆಯ ಕಡೆ ನೋಡುತ್ತ, ಎಂದೂ ಬಯ್ಯದ ಮನುಷ್ಯ, ಒಂದು ಬೈಗುಳ ಆಡಿದರು. ಅದನ್ನು ಇಲ್ಲಿ ಬರೆಯಲಾರೆ.

ಆ ವಾರದಲ್ಲೇ ಆಯಿ ನನ್ನ ಬಸ್ಸು ಹತ್ತಿದಳು. ಅವಳಿಗೆ ಗೊತ್ತಿರದಿರಲಿ ಎಂದು ನಾನು ಹರಕೆ ಹೊತ್ತಿದ್ದೆ. ಗೊತ್ತಿತ್ತು.

"ಮೊಮ್ಮಗಳು ಸಾಲಿಗೆ ಹೋಗಾಕ ಒಲ್ಲೆ ಅಂತಾಳವ್ವಾ" ಎಂದಳು. "ಆಕಿ ಬಂದ್ಲಂದ್ರ ಹುಡುಗರು ಮ್ಯಾಂ ಅಂತಾರಂತ."

ನಾನು ರಜೆಯ ದಿನಕ್ಕೆ ಕಾಯ್ದು ಆ ಠಾಣೆಗೆ ಮತ್ತೆ ಹೋದೆ. ಮಧ್ಯಾಹ್ನದ ಊಟದ ಹೊತ್ತು. ಸಾಹೇಬರು ಇರಲಿಲ್ಲ. ಮೇಜಿನ ಹಿಂದೆ ಒಬ್ಬ ಹೆಣ್ಣುಮಗಳು, ಹೆಡ್ ಕಾನ್‌ಸ್ಟೇಬಲ್, ನನ್ನದೇ ವಯಸ್ಸು, ಬುತ್ತಿ ಬಿಚ್ಚಿ ರೊಟ್ಟಿ ಮುರಿಯುತ್ತಿದ್ದರು. ಕೂರ್ರಿ ಎಂದರು. ನಾನು ವಿಡಿಯೋ ತೋರಿಸಿದೆ. ಅವರು ಒಂದು ಸಲ ಪೂರ್ತಿ ನೋಡಿದರು. ನಗಲಿಲ್ಲ. ಕೈ ತೊಳೆದುಕೊಂಡು ಬಂದರು. ಕಪಾಟಿನಿಂದ ಆ ಮುಚ್ಚಳಿಕೆ ಹಾಳೆ ಹುಡುಕಿ ತೆಗೆದು, ಅದರಲ್ಲಿದ್ದ ನಂಬರಿಗೆ ಫೋನು ಹಚ್ಚಿದರು.

"ನಾ ಸ್ಟೇಷನ್‌ದಿಂದ ಮಾತಾಡಾಕತ್ತೇನಿ. ಆ ಬಸ್ಸಿನ ವಿಡಿಯೋ ಹಾಕಿದವ ನೀನ ಹೌದಿಲ್ಲೋ? ಈಗಿಂದೀಗ ತಗಿ. ನಿನ್ನ ಗೆಳ್ಯಾರ ಹತ್ರ ಇರೂದೂ ತಗಸು. ನಾ ಊಟ ಮುಗಸೂದ್ರಾಗ ಅದು ಇರಬಾರ್ದು. ಇದ್ರ ನಿಮ್ಮ ನಾಲ್ಕೂ ಮಂದಿ ಮನಿ ಮುಂದ ಜೀಪ್ ನಿಲ್ತೈತಿ."

ಮತ್ತೆ ಕೂತು ರೊಟ್ಟಿ ಮುರಿದರು. ನನಗೂ ಒಂದು ತುಂಡು ಕೊಟ್ಟರು. ಅದನ್ನು ಕೈಯಲ್ಲೇ ಹಿಡಿದು ಕೂತೆ. ಅವರ ಊಟ ಮುಗಿಯುವ ಮೊದಲೇ ನಾನು ಫೋನಿನಲ್ಲಿ ನೋಡಿದೆ. ವಿಡಿಯೋ ಹೋಗಿತ್ತು.

ನನಗೆ ಸಮಾಧಾನ ಆಗಬೇಕಿತ್ತು. ಮೈಯೆಲ್ಲ ಉರಿಯಿತು. ಇಷ್ಟೇ ಇತ್ತೇ? ಒಂದು ಫೋನು, ನಾಲ್ಕು ಮಾತು? ಅವತ್ತೇ ಆ ಕುರ್ಚಿಯಲ್ಲಿ ಕೂತವರು ಇಷ್ಟು ಮಾಡಿದ್ದರೆ, ಒಂದು ಮಗು ಇವತ್ತು ಶಾಲೆಗೆ ಹೋಗುತ್ತಿರಲಿಲ್ಲವೇ?

"ಅವತ್ತ ನೀವು ಇದ್ದಿದ್ರ ಭಾಳ ಚಲೋ ಆಗ್ತಿತ್ರಿ" ಎಂದೆ.

ಅವರು ಬುತ್ತಿ ಡಬ್ಬಿಯ ಮುಚ್ಚಳ ಒತ್ತುತ್ತ ನನ್ನ ಮುಖ ನೋಡದೆ ಹೇಳಿದರು. "ಅವತ್ತ ನಾ ಇಲ್ಲೇ ಇದ್ದೆ. ಒಳಗಿನ ರೂಮಿನ್ಯಾಗ. ನಗೂದು ಕೇಳಸ್ತು. ನೀವು ಬರಕೊಳ್ರಿ ಅಂತ ಒದರೂದೂ ಕೇಳಸ್ತು. ಹೊರಗ ಬರಬೇಕಿತ್ತು. ಬರ್ಲಿಲ್ಲ."

ಇರಲಿ ಬಿಡ್ರಿ ಎನ್ನುವುದು ಸುಲಭವಿತ್ತು. ಬಾಯಿಗೆ ಬರಲಿಲ್ಲ. ಅವರೂ ಅದನ್ನು ಕಾಯಲಿಲ್ಲ. ಒಂದು ಹಾಳೆ ಮುಂದಿಟ್ಟು, "ಈಗ ಹೇಳ್ರಿ, ಮೊದಲಿಂದ. ಬರಕೋತೇನಿ" ಎಂದರು. ಬರೆದುಕೊಂಡು ಸಿಕ್ಕಾ ಒತ್ತಿದ ಪ್ರತಿಯನ್ನು ನನ್ನ ಕೈಗೆ ಕೊಟ್ಟರು.

ಆ ಕಾಗದಕ್ಕೆ ಕಾಲು ಬಂದವು. ಸಣ್ಣ ಗುನ್ನೆಗೆ ಅದು ಬೇಕಂತೆ, ಠಾಣೆಯವರು ಕೋರ್ಟಿನ ಪರವಾನಗಿ ತಂದು ಕೇಸು ಮಾಡಿದರು. ಅದಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಮುಂದೆ ಬಿಳಿ ಕಾರು ನಿಂತಿತು. ಮೂವರು ತಂದೆಯರು, ಹಿಂದೆ ಮೂವರು ಮಕ್ಕಳು. ಕೈಯಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ. ನಾಲ್ಕನೆಯವನು ಇರಲಿಲ್ಲ. ಅವನನ್ನು ಕರೆಯಬೇಕೆಂದು ಇವರಿಗೆ ಹೊಳೆದೂ ಇರಲಿಲ್ಲ.

"ತಂಗೀ, ಹುಡುಗ್ರು ತಪ್ಪು ಮಾಡ್ಯಾರ. ನಿನ್ನ ಕಾಲಿಗೆ ಬೀಳಸ್ತೇವಿ. ಕೇಸ್ ಹಿಂದ ತಗೋ. ಮುಂದ ನೌಕರಿ ನೋಡಬೇಕು ಅವರು" ಎಂದರು ಗೊಬ್ಬರದಂಗಡಿಯವರು. ದನಿಯಲ್ಲಿ ನಯವಿತ್ತು. ನಾನು ಇನ್ನೂ ಏನೂ ಹೇಳಿರಲಿಲ್ಲ. ಅಷ್ಟರಲ್ಲಿ ಒಬ್ಬ ಹುಡುಗ ಅಂಗಳದ ಮೂಲೆಗೆ ಸರಿದು ಫೋನನ್ನು ಅಡ್ಡ ಹಿಡಿದ.

"ಅದೇನು?" ಎಂದೆ.

"ಕ್ಷಮಾ ಕೇಳೂದು ವಿಡಿಯೋ ಮಾಡ್ಕೋತೀವ್ರಿ ಅಕ್ಕಾರ. ಜನಕ್ಕ ಒಳ್ಳೆ ಮೆಸೇಜ್ ಹೋಗ್ತೈತಿ."

ಹಾರ ನನ್ನ ಕೊರಳ ತನಕ ಬಂದಿತ್ತು. ಕಸಿದು ಅಂಗಳಕ್ಕೆ ಎಸೆದೆ. ನಾನು ಹಾಗೆ ಮಾಡುವವಳಲ್ಲ. ಮನೆಗೆ ಬಂದವರಿಗೆ ನೀರು ಕೊಡದೆ ಕಳಿಸಿದವಳಲ್ಲ. ಅವತ್ತು ಕಳಿಸಿದೆ.

"ನನ್ನ ಕಾಲಿಗೆ ಯಾಕ ಬೀಳ್ತೀರಿ? ಆ ಮುದುಕಿ ಮನಿಗೆ ಹೋಗ್ರಿ. ಆಕಿ ಮೊಮ್ಮಗಳ ಸಾಲಿಗೆ ಹೋಗ್ರಿ, ಅಲ್ಲಿ ಎಲ್ಲಾ ಹುಡುಗರ ಮುಂದ ನಿಂತು ಹೇಳ್ರಿ, ತಪ್ಪು ನಮ್ಮದು ಅಂತ. ಫೋನ್ ಮನ್ಯಾಗ ಇಟ್ಟು ಹೋಗ್ರಿ!"

ಹಣ್ಣಿನ ಬುಟ್ಟಿಯ ಜೊತೆ ಕಾರು ಹಿಂದಿರುಗಿತು. ಅವರು ಯಾರೂ ಆಯಿಯ ಊರಿಗೆ ಹೋಗಲಿಲ್ಲ. ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡು, ದಂಡ ಕಟ್ಟಿ, ಮಧ್ಯಾಹ್ನದೊಳಗೆ ಹೊರಗೆ ಬಂದರು. ಖಾನಾವಳಿಯಲ್ಲಿ ಊಟ ಮಾಡಿ ಹೋದರಂತೆ.

ಆ ಶಾಲೆಗೆ ಹೋದದ್ದು ಹೆಡ್ ಕಾನ್‌ಸ್ಟೇಬಲ್. ಸಮವಸ್ತ್ರದಲ್ಲಿ, ಪ್ರಾರ್ಥನೆಯ ಹೊತ್ತಿಗೆ. ಅಲ್ಲಿ ಏನು ಹೇಳಿದರೋ ಗೊತ್ತಿಲ್ಲ. ಮ್ಯಾಂ ಎನ್ನುವುದು ನಿಂತಿತು. ಮೊಮ್ಮಗಳು ಮತ್ತೆ ಚೀಲ ಹೊತ್ತಳು.

ಆಯಿಯ ಮನೆಗೆ ಹೋದವನು ನಾಲ್ಕನೆಯವನು, ಕಪಾಳಕ್ಕೆ ಏಟು ತಿಂದವನು. ಒಬ್ಬನೇ, ಯಾರೂ ಹೇಳದೆ. ಇದನ್ನು ನನಗೆ ಆಯಿಯೇ ಹೇಳಿದಳು, ಬಸ್ಸಿನಲ್ಲಿ, ಕಿಟಕಿಯ ಹೊರಗೆ ನೋಡುತ್ತ.

"ಬಂದಿದ್ದ. ಬಾಗಿಲದಾಗ ನಿಂತು ಅತ್ತ. ನೀರ ಕೊಟ್ನಿ. ಕುಂಡ್ರು ಅನ್ನಲಿಲ್ಲ."

"ಯಾಕ ಆಯಿ?"

"ಆಗಲಿಲ್ಲವ್ವಾ. ಅವನ ಮಾರಿ ನೋಡಿದ್ರ ನನಗ ಅವತ್ತಿನ ನನ್ನ ಮಗನ ಮಾರೀನ ಕಾಣ್ತೈತಿ. ಮೊದಲ ನನ್ನ ಮಗಾ ನಕ್ಕೋತ ನೆನಪಾಗ್ತಿದ್ದ. ಈಗ ಇಂವ ಬಿದ್ದಂಗ ಬಿದ್ದಾನ, ಅಷ್ಟ."

ಇದಕ್ಕೆ ಯಾವ ಕೋರ್ಟು ಎಷ್ಟು ದಂಡ ಹಾಕಬೇಕು, ಯಾರಾದರೂ ಹೇಳಲಿ.

ನನ್ನಿಂದಲೂ ಅವರು ಒಂದು ವಸ್ತು ಕಿತ್ತುಕೊಂಡು ಹೋಗಿದ್ದಾರೆ. ಮುಂದಿನ ಬೇಸಿಗೆಯಲ್ಲಿ ಝಳಕಿಗೆ ಹೋಗುವ ಬಸ್ಸಿನಲ್ಲಿ ನಡುವಯಸ್ಸಿನ ರೈತರೊಬ್ಬರು ಸೀಟಿನಿಂದ ಜಾರಿ ಬಿದ್ದರು. ನಾನು ಮೊದಲು ನೋಡಿದ್ದು ಅವರನ್ನಲ್ಲ. ಸುತ್ತ ಯಾರ ಕೈಯಲ್ಲಿ ಫೋನಿದೆ ಎಂದು. ನಾನೊಬ್ಬಳೇ ಅಲ್ಲ, ಬಸ್ಸಿಗೆ ಬಸ್ಸೇ ಹಾಗೆ ನೋಡಿತು. ನಾಲ್ಕೈದು ಉಸಿರಿನ ಹೊತ್ತು ಒಬ್ಬ ಮನುಷ್ಯ ನಮ್ಮ ಕಾಲ ಬಳಿ ಬಿದ್ದಿದ್ದ, ನಾವು ಅವನನ್ನು ಸಂಶಯದಿಂದ ನೋಡುತ್ತಿದ್ದೆವು. ಆಮೇಲೆ ಓಡಿದೆ, ಮಗ್ಗುಲಿಗೆ ತಿರುಗಿಸಿದೆ, ದವಾಖಾನೆ ಮುಟ್ಟಿಸಿದೆವು. ಸಕ್ಕರೆ ಕಾಯಿಲೆ, ಬೆಳಗಿನಿಂದ ಉಂಡಿರಲಿಲ್ಲವಂತೆ. ಬದುಕಿದರು. ಅವರ ಹೆಂಡತಿ ನನ್ನ ಕೈ ಹಿಡಿದು ನೀವು ದೇವರಿದ್ದಂಗ ಎಂದಾಗ ನಾನು ಕೈ ಬಿಡಿಸಿಕೊಂಡೆ.

ಆ ಸಾಹೇಬರಿಗೆ ಬೇರೆ ಕಡೆ ವರ್ಗವಾಯಿತು. ಈಚೆಗೆ ಬಸವನ ಬಾಗೇವಾಡಿ ನಿಲ್ದಾಣದಲ್ಲಿ ಎದುರಾದರು, ಸಾದಾ ಬಟ್ಟೆಯಲ್ಲಿ. ಜೊತೆಗೆ ವಯಸ್ಸಾದ ತಾಯಿ. ಅವರನ್ನು ಸಿಂದಗಿ ಕಡೆಯ ನನ್ನ ಬಸ್ಸಿಗೆ ಹತ್ತಿಸಲು ಬಂದಿದ್ದರು. ನನ್ನ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಗುರುತು ಹತ್ತಿದ ಮೇಲೆ ನಕ್ಕರು.

"ಅರೆ, ಬಾಯಾರ! ಆರಾಮೇನ್ರಿ? ನಮ್ಮವ್ವನ ಸ್ವಲ್ಪ ನೋಡ್ಕೊಳ್ರಿ. ಬಿ.ಪಿ. ಐತಿ, ಒಮ್ಮೊಮ್ಮೆ ಕಣ್ಣಿಗೆ ಕತ್ತಲಿ ಬರ್ತೈತಿ ಅವರಿಗೆ."

ನಾನು ಆ ತಾಯಿಯ ಕೈಚೀಲ ಇಸಿದುಕೊಂಡೆ. ಮೆಟ್ಟಿಲು ಹತ್ತಲು ರಟ್ಟೆ ಹಿಡಿದೆ. ಸಾಹೇಬರು ಕಿಟಕಿಯ ಕೆಳಗೆ ನಿಂತು ಇನ್ನೂ ನಗುತ್ತಲೇ ಇದ್ದರು.

"ಇನ್ನೂ ಸಿಟ್ಟು ಹೋಗಿಲ್ಲೇನ್ರಿ ನಿಮ್ಮದು?"

"ಇಲ್ಲರಿ" ಎಂದೆ.

ಅವರ ತಾಯಿ ಒಮ್ಮೆ ಮಗನನ್ನು, ಒಮ್ಮೆ ನನ್ನನ್ನು ನೋಡಿದರು. ನಾನು ಅವರಿಗೆ ಗಾಳಿ ಬರುವ ಸೀಟು ಬಿಡಿಸಿಕೊಟ್ಟು ಆಧಾರ್ ಕಾರ್ಡು ಕೇಳಿದೆ.